ಪಕ್ಕದ ಸೀಟಿನ ಉಸಿರು

ತಾನು ಕುಡಿದು ಓಡಿಸಿದ ಕಾರು ಮರಕ್ಕೆ ಬಡಿದು ಗೆಳೆಯ ಮರ್ಲ್ ಸತ್ತ ಮೇಲೆ ವರ್ನನ್ ತೊಟ್ಟು ಮದ್ಯ ಮುಟ್ಟಿರಲಿಲ್ಲ. ಆದರೂ ಆ ಬೆಳಿಗ್ಗೆ ಹೊಸ ಕಾರು ಅವನನ್ನು ನಂಬಲಿಲ್ಲ. ಇ-ಸಿಗರೇಟು ಸೇದಿ, ಉಸಿರಲ್ಲಿ ಮದ್ಯವಿದ್ದರೆ ಕಾರು ಹೊರಡದಂತೆ ಕೋರ್ಟು ಹಾಕಿಸಿದ್ದ ಯಂತ್ರದ ಕೊಳವೆಗೆ ಊದಿದರೆ ಕೆಂಪು ದೀಪ ಹತ್ತಿತು. ಇಂಜಿನ್ ಮಿಸುಕಲಿಲ್ಲ.

ನಡೆದೇ ಹೋಗಿ, ಇ-ಸಿಗರೇಟು ಅಂಗಡಿಯ ಟ್ರೂಡಿಯ ಮುಂದೆ ಅದಕ್ಕೆ ತುಂಬುವ ದ್ರವದ ಬಾಟಲಿ ಕುಕ್ಕಿದ. “ಏನಮ್ಮಾ ಹಾಕಿದೀಯ ಇದ್ರಲ್ಲಿ?”

“ಪೀಚ್ ಹಣ್ಣಿನ ಘಮ ಮತ್ತೆ ಹೇಗ್ ಬರುತ್ತೆ? ಅದನ್ನ ಕರಗ್ಸೋದೇ ಆಲ್ಕೋಹಾಲ್‌ನಲ್ಲಿ. ಊದೋಕ್ ಮುಂಚೆ ಸೇದ್ಬೇಡ, ಸೇದಿದ್ರೆ ಬಾಯಿ ಮುಕ್ಕಳಿಸು ಅಂತ ಬಡ್ಕೊಂಡಿದ್ದೆ. ಕಿವಿ ಮನೇಲಿಟ್ಟು ಬರ್ತೀಯ.”

ವರ್ನನ್ ವಾಪಸು ಬಂದು, ಬಾಯಿ ಮುಕ್ಕಳಿಸಿ ಊದಿದ. ಹಸಿರು ದೀಪ ಹತ್ತಿ ಕಾರು ಹೊರಟಿತು.

ಟೊಲೆಡೊ ರಸ್ತೆಯಲ್ಲಿ, ಆ ಮರದ ತಿರುವಿನಲ್ಲೇ ಯಂತ್ರ ಮತ್ತೊಮ್ಮೆ ಊದು ಎಂದು ಕೂಗಿತು. ದಾರಿ ಮಧ್ಯೆ ಹಾಗೆ ಕೇಳುವುದು ಅದರ ರೂಢಿ. ಅವನು ಕೈ ಚಾಚುವ ಮೊದಲೇ ಕೊಳವೆಗೆ ಯಾರೋ ನಿಧಾನವಾಗಿ ಊದಿದ ಸದ್ದು ಕೇಳಿಸಿತು. ಕೆಂಪು ದೀಪ ಹತ್ತಿತು. ಮರ್ಲ್ ಕುಡಿಯುತ್ತಿದ್ದ ಅಗ್ಗದ ವಿಸ್ಕಿಯ ವಾಸನೆ ಕಾರನ್ನೆಲ್ಲ ತುಂಬಿತು.

ವರ್ನನ್ ಕಾರನ್ನು ಬದಿಗೆ ನಿಲ್ಲಿಸಿದ. ಪಕ್ಕದ ಸೀಟು ಖಾಲಿ. ಆದರೂ ಅಲ್ಲಿ ಕೂತವರು ಸೀಟ್ ಬೆಲ್ಟ್ ಹಾಕಿಲ್ಲ ಎಂದು ಗಂಟೆ ಹೊಡೆದುಕೊಳ್ಳತೊಡಗಿತು.

ಮರ್ಲ್ ಸತ್ತ ದಿನ ಹಳೇ ಕಾರಿನಲ್ಲೂ ಹೀಗೇ ಹೊಡೆದುಕೊಂಡಿತ್ತು. “ಅದರ ಬಾಯಿ ಮುಚ್ಚಿಸೋ” ಎಂದು ಮರ್ಲ್ ನಕ್ಕಾಗ, ಇವನು ಹಾಡಿನ ಸದ್ದು ಏರಿಸಿದ್ದ.

ವರ್ನನ್ ಪಕ್ಕದ ಸೀಟಿನ ಬೆಲ್ಟ್ ಎಳೆದು ಸಿಕ್ಕಿಸಿದ. ಗಂಟೆ ನಿಂತಿತು. ಬೆಲ್ಟ್ ಮಾತ್ರ ಸೀಟಿಗೆ ಅಂಟಲಿಲ್ಲ. ದಪ್ಪ ಹೊಟ್ಟೆಯೊಂದನ್ನು ಬಳಸಿದಂತೆ ಉಬ್ಬಿ ನಿಂತು, ಮೆಲ್ಲಗೆ ಏರಿಳಿಯುತ್ತಿತ್ತು.