ಇನ್ನೂ ಬೆಳ್ಳಗಾಗದ ಗರುಡ

ಟೆರೇಸಿನಿಂದ ಏರ್‌ಗನ್ನಿನ ಸದ್ದು ಕೇಳಿದ ಮರುಗಳಿಗೆಯೇ ಹಕ್ಕಿ ವಿಜೇತಾಳ ಬಾಲ್ಕನಿಗೆ ಬಂದು ಬಿತ್ತು. ಬಲರೆಕ್ಕೆ ಜೋತಿತ್ತು. ಅವಳು ಹಳೆಯ ಟವೆಲು ಹೊದೆಸಿ, ಗಾಯಗೊಂಡ ಹಕ್ಕಿಗಳನ್ನು ನೋಡಿಕೊಳ್ಳುವ ಸ್ನೇಹಲ್‌ಗೆ ಫೋನ್ ಮಾಡಿದಳು.

ಗನ್ನು ಸುಕೇಶ್ ಶೆಟ್ಟರದು. ಮುಂಬಯಿ ಚೆಂಬೂರಿನ ಈ ಬಿಲ್ಡಿಂಗಿನ ಕೆಳಗೆ ಅವರ ಹೋಟೆಲು. ಅದರ ಹಿಂದೆ, ಮುಚ್ಚಳವಿಲ್ಲದ ಡ್ರಮ್ಮುಗಳಲ್ಲಿ ಮೀನಿನ ಕರುಳು. ಅದಕ್ಕೆ ಹದ್ದುಗಳು ಎರಗುತ್ತಿದ್ದವು. ಡ್ರಮ್ಮಿಗೊಂದು ಮುಚ್ಚಳ ತರುವ ಬದಲು ಶೆಟ್ಟರು ಏರ್‌ಗನ್ ತಂದರು. ಹಾಗಂತ ಗರುಡನಿಗೆ ಗುರಿಯಿಡುವವರಲ್ಲ. ಬಿಳಿ ತಲೆಯ ಗರುಡ ಕಂಡರೆ ಗಲ್ಲಾ ಬಿಟ್ಟೆದ್ದು ಬಂದು ಕೆನ್ನೆ ಬಡಿದುಕೊಳ್ಳುವರು. ಕಂದು ಹದ್ದಿಗೆ ಮಾತ್ರ ಗುಂಡು.

ವಿಜೇತಾ ಇರುವ ಮನೆಯೂ ಅವರದೇ. ಊರಿನ ಹುಡುಗಿಯೆಂದು ಎಗ್ರಿಮೆಂಟ್ ಇಲ್ಲದೆ ಕೊಟ್ಟದ್ದು. ಹೋಗು ಎಂದರೆ ಹೋಗಬೇಕು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು.

ಶೆಟ್ಟರೇ ಬಂದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ಇಲ್ಲಿ ಬಿತ್ತಾ? ಕೊಡು ಮಾರಾಯ್ತಿ, ಕಚರಾ ಡಬ್ಬಿಗೆ ಹಾಕಿಸ್ತೇನೆ."

"ಜೀವ ಉಂಟು, ಸುಕೇಶಣ್ಣ."

"ಹದ್ದಿಗೆ ಎಂಥ ಜೀವ? ಎಂಎಸ್ಸಿ ಮಾಡಿದ್ದು ಹದ್ದಿನ ಬಾಣಂತನಕ್ಕಾ?"

ವಿಜೇತಾ ಟವೆಲು ಸರಿಸಿದಳು. "ಬಾಲ ನೋಡಿ. ಹದ್ದಿನದ್ದಾದ್ರೆ ಕವಲೊಡೆದಿರ್ತದೆ. ಇದರದ್ದು ಉರುಟು. ಇದು ಗರುಡನ ಮರಿ. ತಲೆ ಬೆಳ್ಳಗಾಗುವವರೆಗೆ ಹದ್ದಿನ ಹಾಗೇ ಕಂದು."

ಶೆಟ್ಟರ ಕೈಯಿಂದ ಚೀಲ ಜಾರಿತು. ಚಪ್ಪಲಿ ಕಳಚಿ ಅಲ್ಲೇ ಕುಸಿದು, ಹಕ್ಕಿಯ ಕಾಲು ಮುಟ್ಟಲು ಹೋದರು. ಅದು ಕೊಕ್ಕು ತೆರೆದು ಹಿಂದೆ ಸರಿಯಿತು.

"ಅಯ್ಯೋ ದೇವರೇ! ಹದ್ದು ಅಂತ ಮಾಡಿದೆ. ನಾಳೆಯೇ ಊರಿಗೆ ಹೋಗಿ ಶಾಂತಿಹೋಮ ಮಾಡಿಸ್ತೇನೆ."

ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ಕಂಡಷ್ಟೂ ವಿಜೇತಾಳ ಮೈ ಉರಿಯಿತು. ಮೊನ್ನೆ ಇದೇ ಕೈ ಒಂದು ಹದ್ದನ್ನು, ಅದು ಇನ್ನೂ ಒದ್ದಾಡುತ್ತಿರುವಾಗಲೇ, ಡ್ರಮ್ಮಿಗೆ ಎಸೆದಿತ್ತು.

"ಹದ್ದೇ ಆಗಿದ್ರೆ?"

"ಆಗಿದ್ರೆ ಎಂಥದು? ಹದ್ದು ಬೇರೆ, ಇದು ಬೇರೆ."

"ಅದು ನಿಮ್ಮ ಗನ್ನಿಗೆ ಗೊತ್ತಿತ್ತಾ?"

ಅಷ್ಟರಲ್ಲಿ ಸ್ನೇಹಲ್ ರಟ್ಟಿನ ಡಬ್ಬ ಹಿಡಿದು ಬಂದಳು. ಶೆಟ್ಟರು ತಟ್ಟನೆ ಎದ್ದು ಕಣ್ಣೊರೆಸಿಕೊಂಡರು.

"ಮಾಂಜಾ, ಮ್ಯಾಡಮ್. ಪತಂಗ್ ಕಾ ಮಾಂಜಾ."

ಗಾಳಿಪಟದ ದಾರ ರೆಕ್ಕೆ ಕೊಯ್ದಿತಂತೆ! ಕಣ್ಣೀರು ಇನ್ನೂ ಆರಿರಲಿಲ್ಲ.

"ಮಾಂಜಾ ಅಲ್ಲ," ಎಂದು ವಿಜೇತಾ ಹಿಂದಿಯಲ್ಲೇ, ಮೆಟ್ಟಿಲಿಗೆಲ್ಲ ಕೇಳುವಂತೆ ಹೇಳಿದಳು. "ಏರ್‌ಗನ್. ಇವರದೇ. ಫಾರೆಸ್ಟಿನವರ ಮುಂದೆ ನಾನೇ ಹೇಳ್ತೇನೆ. ಇದೊಂದೇ ಅಲ್ಲ, ಮೊದಲು ಕೊಂದ ಹದ್ದುಗಳದ್ದೂ."

ಸ್ನೇಹಲ್ ಹಕ್ಕಿಯನ್ನು ಮೆಲ್ಲನೆ ಡಬ್ಬಕ್ಕಿಳಿಸಿದಳು. ಶೆಟ್ಟರು ಬಾಗಿಲಿಗೆ ಅಡ್ಡ ನಿಂತು, ಅವಳಿಗೆ ತಿಳಿಯದಂತೆ ಕನ್ನಡಕ್ಕೆ ತಿರುಗಿದರು.

"ಗರುಡನ ಪಾಪ ನಾನು ತೊಳ್ಕೊಳ್ತೇನೆ. ಹದ್ದಿಗೋಸ್ಕರ ನನ್ನ ಹೆಸರು ಹಾಳು ಮಾಡ್ಬೇಡ. ಮನೆ ನನ್ನದು, ನೆನಪಿರ್ಲಿ."

"ಖಾಲಿ ಮಾಡ್ತೇನೆ. ಬೇಕಾದ್ರೆ ಇವತ್ತೇ."

ಅವಳು ಡಬ್ಬದ ಒಂದು ತುದಿ ಹಿಡಿದಳು. ಒಳಗೆ ಉಗುರು ರಟ್ಟನ್ನು ಕೆರೆಯುತ್ತಿತ್ತು.

"ಬದಿಗೆ ಸರಿಯಿರಿ," ಎಂದಳು. ಅಣ್ಣ ಎನ್ನಲಿಲ್ಲ.