ಬೆರ್ತಾಳ ಮುನ್ನೂರ ಹನ್ನೆರಡು ಹೆಜ್ಜೆ

ಆ ಭಾನುವಾರ ಬೆಳಿಗ್ಗೆ ಟ್ರೂಡಾ ಗಾವ್ಲಿಕ್ ಅಡುಗೆಮನೆಯ ಮೇಜನ್ನು ಎರಡು ಪಾಲು ಮಾಡಿಕೊಂಡಿದ್ದಳು. ಬಲಕ್ಕೆ ಆಲೂಗೆಡ್ಡೆ ಕಡುಬಿನ ಹಿಟ್ಟು, ಎಡಕ್ಕೆ ಕಂಪ್ಯೂಟರು. ಹಿಟ್ಟು ಎಷ್ಟಿತ್ತೆಂದರೆ ಗಣಿಯ ಒಂದು ಪಾಳಿಯವರೆಲ್ಲ ಉಂಡು ಅಲ್ಲೇ ಗೊರಕೆ ಹೊಡೆಯಬಹುದಿತ್ತು. ಕಂಪ್ಯೂಟರಿನಲ್ಲಿದ್ದ ಪಾರಿವಾಳಗಳು ಒಮ್ಮೆಲೇ ರೆಕ್ಕೆ ಬಡಿದಿದ್ದರೆ ಅವರ ಗಣಿನಾಡು ಸಿಲೇಸಿಯದ ನೂರು ವರ್ಷದ ಹೊಗೆಯೆಲ್ಲ ಹೋಗಿ ಜರ್ಮನಿಯ ಮೇಲೆ ಬೀಳುತ್ತಿತ್ತು.

ಪಾರಿವಾಳಗಳೆಂದರೆ ಅವುಗಳ ಹೆಜ್ಜೆಗಳು. ಪ್ರತಿ ಹಕ್ಕಿಯ ಕಾಲಿಗೂ ಒಂದು ಉಂಗುರ. ಗೂಡಿನ ಬಾಗಿಲ ಹಲಗೆಯ ಮೇಲೆ ಅದು ಕಾಲಿಟ್ಟ ಕೂಡಲೇ ಪಕ್ಕದ ಪೆಟ್ಟಿಗೆ ಹೊತ್ತನ್ನೂ ಉಂಗುರದ ಸಂಖ್ಯೆಯನ್ನೂ ಒಂದು ಸಾಲಾಗಿ ಬರೆದಿಡುತ್ತದೆ. ಶನಿವಾರ ಜರ್ಮನಿಯಿಂದ ಬಿಟ್ಟ ಹಕ್ಕಿಗಳ ಪಂದ್ಯ. ಗೂಡುಗಳೆಲ್ಲ ಕೆಂಪು ಇಟ್ಟಿಗೆ ಮನೆಗಳ ಒಂದೇ ಸಾಲಿನ ಹಿತ್ತಲಿನಲ್ಲಿದ್ದುದರಿಂದ ಮೊದಲು ಬಂದದ್ದೇ ಮುಂದು. ಪಟ್ಟಿ ಮಾಡುವ ಕ್ಲಬ್ಬಿನ ಯಂತ್ರ ಮಾತ್ರ ಶನಿವಾರ ಸಂಜೆಯೇ ಪ್ರಾಣ ಬಿಟ್ಟಿತ್ತು. ಚರ್ಚಿನ ಹನ್ನೊಂದರ ಪೂಜೆ ಮುಗಿಯುವುದರೊಳಗೆ ಎಲ್ಲ ಗೂಡುಗಳ ಸಾಲುಗಳನ್ನು ಸೇರಿಸಿ ಕ್ಲಬ್ಬಿನ ಬಾಗಿಲಿಗೆ ಪಟ್ಟಿ ಅಂಟಿಸುವ ಹೊಣೆ ಟ್ರೂಡಾಳ ತಲೆಗೆ ಬಂದಿತ್ತು.

ಹೊಣೆಯ ಜೊತೆಗೆ ಒಂದು ಕುತ್ತಿಗೆಯೂ ಬಂದಿತ್ತು. ಶುಕ್ರವಾರ ಅವಳ ಗಂಡ ಆಲೋಯ್ಸ್ ನಾಲ್ಕನೇ ಬಿಯರಿನ ನಂತರ ಕ್ಲಬ್ಬಿನ ಬೆಂಚು ಹತ್ತಿ ನಿಂತು ಘೋಷಿಸಿದ್ದ: "ನನ್ನ ಬೆರ್ತಾ ಮೊದಲ ಇಪ್ಪತ್ತರಲ್ಲಿ ಬರ್ಲಿಲ್ಲಾಂದ್ರೆ ಭಾನುವಾರ ಅವಳದ್ದೇ ಸಾರು! ಒಂದು ಗಂಟೆಗೆ ಚಮಚ ಹಿಡ್ಕೊಂಡು ಬನ್ನಿ ಎಲ್ಲಾ!" ಗಣಿಯವನ ಮಾತು ಕಲ್ಲಿದ್ದಲಿಗಿಂತ ಗಟ್ಟಿ. ಬೆರ್ತಾ ಏಳು ವರ್ಷದ ಹೆಣ್ಣು ಪಾರಿವಾಳ. ಟ್ರೂಡಾಳ ಹೆಗಲ ಮೇಲೆ ಕೂತು ಅವಳ ಕಿವಿಯೋಲೆ ಕುಕ್ಕುವ ಹಕ್ಕು ಜಗತ್ತಿನಲ್ಲಿ ಇದ್ದದ್ದು ಅದೊಂದಕ್ಕೇ.

"ಏ ಮುದುಕಿ, ಇನ್ನೂ ಆಗ್ಲಿಲ್ವಾ?" ಆಲೋಯ್ಸ್ ಬಾಗಿಲಲ್ಲಿ ನಿಂತು ಟೋಪಿ ಹಿಂಡುತ್ತಿದ್ದ. "ಜರ್ಮನಿಯಿಂದ ಹಾರಿ ಬಂದ ಹಕ್ಕಿಗೆ ನಿನ್ನ ಆ ಕರೀ ಕಿಟಕಿಯಿಂದ ಈಚೆ ಬರೋಕಾಗ್ತಿಲ್ಲ!"

"ನೀನು ಪೆಟ್ಟಿಗೆಯ ಕಳಿಸೋ ಗುಂಡಿ ಮೂರು ಸಲ ಒತ್ತಿದ್ದೀಯ. ಒಂದೇ ಕಥೆ ಮೂರು ಸಲ ಬಂದು ಕೂತಿದೆ, ಕುಡಿದಾಗ ನೀನು ಹೇಳ್ತೀಯಲ್ಲ, ಹಾಗೆ."

"ಭದ್ರವಾಗಿರ್ಲಿ ಅಂತ ಒತ್ತಿದೆ."

"ಈ ಕಂಪ್ಯೂಟರಿನ ಆಜ್ಞೆಗಳಲ್ಲಿ ಯೂನಿಕ್ ಅಂತ ಒಬ್ಬ ಇದ್ದಾನೆ ನೋಡು, ಅವನಿಗೆ ಪಕ್ಕಪಕ್ಕ ನಿಂತ ಅವಳಿಗಳು ಮಾತ್ರ ಕಾಣೋದು. ನಡುವೆ ಇನ್ನೊಬ್ಬ ಬಂದು ನಿಂತ್ರೆ ಕುರುಡ. ಅದಕ್ಕೇ ಮೊದಲು ಸಾರ್ಟ್ ಬಂದು ಎಲ್ಲರನ್ನೂ ಹೊತ್ತಿನ ಪ್ರಕಾರ ಸಾಲಾಗಿ ನಿಲ್ಲಿಸ್ಬೇಕು."

"ಸೇನೆಯಲ್ಲೂ ಹಾಗೇನೇ," ಎಂದ ಆಲೋಯ್ಸ್, ಏನೂ ತಿಳಿಯದೆ.

ಟ್ರೂಡಾ ಎರಡು ಪದ ಒತ್ತಿದಳು. ಅವಳಿ ಸಾಲುಗಳು ಹೊಗೆಯಂತೆ ಹೋದವು. ಉಳಿದದ್ದು ಹಕ್ಕಿಗಳ ಚಟ: ಬಂದವು ನೇರ ಒಳಗೆ ಹೋಗದೆ ಹಲಗೆಯ ಮೇಲೆ ಅತ್ತ ಇತ್ತ ನಡೆದು, ನಡೆದಷ್ಟೂ ಸಾಲು ಬರೆಸುತ್ತವೆ. ಪ್ರತಿ ಉಂಗುರಕ್ಕೂ ಒಂದೇ ಸಾಲು ಉಳಿಯಬೇಕು. ಅದಕ್ಕೊಂದು ಸಣ್ಣ ಆಜ್ಞೆ ಟ್ರೂಡಾಳ ಬೆರಳಲ್ಲೇ ಇತ್ತು. ಗಣಿಯ ದೀಪದ ಕೋಣೆಯಲ್ಲಿ, ಇಳಿಯುವವರಿಗೆ ದೀಪ ಕೊಟ್ಟು ಹತ್ತಿದವರಿಂದ ವಾಪಸು ಪಡೆಯುತ್ತ, ಮೊದಲು ಪುಸ್ತಕದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಅದರ ಲೆಕ್ಕ ಇಡುತ್ತ ಮೂವತ್ತೊಂದು ವರ್ಷ ಕೂತವಳು ಅವಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ಆಜ್ಞೆಯನ್ನು ಎಡಗೈಯಲ್ಲಿ ಬರೆಯುತ್ತಿದ್ದಳು. ಬಲಗೈ ಅಷ್ಟರಲ್ಲಿ ಕಡುಬು ಕಟ್ಟುತ್ತಿತ್ತು.

ಪಟ್ಟಿ ಬಂತು. ಉಂಗುರದ ಸಂಖ್ಯೆ ನಾಲ್ಕು ಸಾವಿರದ ನಾನೂರ ಹದಿನೇಳು, ಅಂದರೆ ಬೆರ್ತಾ, ಮೂವತ್ತೇಳನೆಯದು. ಹನ್ನೆರಡು ಗಂಟೆ ಐವತ್ತೆರಡು ನಿಮಿಷ.

ಆಲೋಯ್ಸ್ ಗೂಟದಿಂದ ಚಾಕು ತೆಗೆದುಕೊಂಡು ಹಿತ್ತಲಿಗೆ ನಡೆದ.

"ಅಯ್ಯೋ ಮುದುಕಾ, ನಿಲ್ಲೋ!"

ಅವನು ನಿಲ್ಲಲಿಲ್ಲ. ಅವನು ಹೋದ ಬಾಗಿಲಿನಿಂದಲೇ ಕ್ಲಬ್ಬಿನ ಅಧ್ಯಕ್ಷ ಎವಾಲ್ಡ್ ಪಿಕಾ ಒಳಗೆ ಬಂದ. ಮೀಸೆ ಎಷ್ಟು ಅಗಲವೆಂದರೆ ಓರೆಯಾಗಿ ಬರಬೇಕಾಯಿತು.

"ಏನು ಟ್ರೂಡಾ, ಪಟ್ಟಿ ಆಯ್ತಾ? ಓಹೋ, ನನ್ನ ಬೂದಿ ಗಂಡು ಇಪ್ಪತ್ತನೇದು! ಬೆರ್ತಾ ಎಲ್ಲಿ... ಮೂವತ್ತೇಳು. ಪಾಪ. ಸಾರಿಗೆ ಕ್ಯಾರೆಟ್ ಜಾಸ್ತಿ ಹಾಕಿ, ವಯಸ್ಸಾದ ಹಕ್ಕಿ."

ಟ್ರೂಡಾ ಕೈಯ ಹಿಟ್ಟು ಒರೆಸಿಕೊಂಡಳು. ಐವತ್ತೆರಡನ್ನು ಅಳಿಸಿ ಬೇರೆ ಅಂಕಿ ಬರೆಯಲು ಎರಡು ಬೆರಳು ಸಾಕಿತ್ತು. ಪಟ್ಟಿ ಇನ್ನೂ ಬಾಗಿಲಿಗೆ ಅಂಟಿರಲಿಲ್ಲ. ಬೆರಳು ಮೇಲೆದ್ದಿತು, ಹಾಗೇ ನಿಂತಿತು. ಗಣಿಯಿಂದ ಮೇಲೆ ಬಾರದ ಮನುಷ್ಯನನ್ನು ಬಂದ ಎಂದು ಅವಳು ಒಂದು ದಿನವೂ ಬರೆದವಳಲ್ಲ.

ಆದರೆ ಐವತ್ತೆರಡು ಅವಳಿಗೆ ನುಂಗಲಾರದ ತುತ್ತಾಗಿತ್ತು. "ಸುಳ್ಳು," ಎಂದಳು. "ನಿನ್ನೆ ನಾನು ಬಿಳೀ ಹೊದಿಕೆ ಒಣಗ್ಹಾಕ್ತಿದ್ದೆ. ಚರ್ಚಿನ ಮಧ್ಯಾಹ್ನ ಹನ್ನೆರಡರ ಗಂಟೆ ಹೊಡೀತಿತ್ತು. ಬೆರ್ತಾ ಮೇಲಿಂದ ಬಂದಳು, ಹೊದಿಕೆ ಮೇಲೆ ಉದುರಿಸಿ ಹಲಗೆ ಮೇಲೆ ಇಳಿದಳು. ಕಲೆ ಇನ್ನೂ ಹೋಗಿಲ್ಲ."

"ಹಕ್ಕಿ ಹಿಕ್ಕೆ ಮೇಲೆ ಹೊತ್ತು ಬರೆದಿರುತ್ತಾ?" ಎಂದ ಎವಾಲ್ಡ್.

ಟ್ರೂಡಾ ಅವಳಿಗಳನ್ನು ತೆಗೆದ ಕಡತದಲ್ಲಿ ಬೆರ್ತಾಳ ಸಾಲುಗಳನ್ನಷ್ಟೇ ಹೆಕ್ಕಿದಳು. ಮುನ್ನೂರ ಹನ್ನೆರಡು! ಐವತ್ತೆರಡು ನಿಮಿಷ ಆ ರಾಣಿ ಹಲಗೆಯ ಮೇಲೆ ಮೆರವಣಿಗೆ ಮಾಡಿದ್ದಳು. ಮೊದಲ ಹೆಜ್ಜೆ ಹನ್ನೆರಡು ಗಂಟೆ ಏಳು ಸೆಕೆಂಡಿಗೆ. ಕೊನೆಯದು ಐವತ್ತೆರಡಕ್ಕೆ.

ಪಟ್ಟಿಗೆ ಬಂದದ್ದು ಕೊನೆಯದು.

ಟ್ರೂಡಾ ತನ್ನ ಆಜ್ಞೆಯನ್ನು ಈಗ ಮೊದಲ ಸಲ ಓದಿದಳು. ಕಡತವನ್ನು ತಲೆಕೆಳಗು ಮಾಡು. ಪ್ರತಿ ಸಂಖ್ಯೆ ಮೊದಲು ಕಂಡಾಗ ಉಳಿಸಿಕೋ, ಮತ್ತೆ ಕಂಡರೆ ಬಿಡು. ಆಮೇಲೆ ನೆಟ್ಟಗೆ ಮಾಡು. ಹಣೆ ಬಡಿದುಕೊಂಡು ನಕ್ಕಳು. ಹಣೆಯೆಲ್ಲ ಹಿಟ್ಟಾಯಿತು.

"ಇದು ದೀಪದ ಕೋಣೆ ಆಜ್ಞೆ ಎವಾಲ್ಡ್! ಅಲ್ಲಿ ಮನುಷ್ಯನ ಕೊನೇ ಗುರುತು ಮುಖ್ಯ, ಒಳಗಿದ್ದಾನಾ ಹೊರಗಿದ್ದಾನಾ ಅಂತ. ಹಕ್ಕಿಗೆ ಮೊದಲನೇ ಹೆಜ್ಜೆ ಬೇಕು. ನಾನು ಪಾರಿವಾಳಗಳನ್ನೆಲ್ಲ ಗಣಿಗೆ ಇಳಿಸಿಬಿಟ್ಟಿದ್ದೆ!"

ತಲೆಕೆಳಗು ಮಾಡುವ ಎರಡು ಪದ ಕಿತ್ತು ಮತ್ತೆ ಒತ್ತಿದಳು. ಪಟ್ಟಿಯೇ ಮಗ್ಗುಲು ಬದಲಿಸಿತು. ಬೆರ್ತಾ ಹತ್ತೊಂಬತ್ತನೆಯದು. ಎವಾಲ್ಡನ ಬೂದಿ ಗಂಡು ಇಪ್ಪತ್ತೊಂದಕ್ಕೆ ಜಾರಿತು.

ಎವಾಲ್ಡ್ ಪರದೆಯ ಹತ್ತಿರಕ್ಕೆ ಬಗ್ಗಿದ. "ತೊಂಬತ್ತನಾಲ್ಕರಲ್ಲಿ," ಎಂದ ಮೆಲ್ಲಗೆ, "ನಾನು ಮೇಲೆ ಬಂದವನು ಬುತ್ತಿ ಡಬ್ಬಿ ಮರೆತೆ ಅಂತ ವಾಪಸು ಇಳಿದಿದ್ದೆ. ಛಾವಣಿ ಕುಸೀತು. ಎಲ್ಲರೂ ಅಂದ್ರಂತೆ, ಎವಾಲ್ಡ್ ಆಗಲೇ ಮನೆಗೆ ಹೋದ ಅಂತ."

"ಕೊನೇ ಗುರುತು ಒಳಗೆ ಅಂತಿತ್ತು," ಎಂದಳು ಟ್ರೂಡಾ. "ಹುಡುಕ್ರೋ ಅಂತ ಕಿರುಚಿದೆ."

"ಇದೇ ಆಜ್ಞೆನಾ?"

"ಇದೇ."

ಎವಾಲ್ಡ್ ಮೀಸೆ ಸವರಿದ. "ಹಾಗಾದ್ರೆ ಅದಕ್ಕೆ ಬೈಬೇಡಿ. ಇಪ್ಪತ್ತೊಂದು ಅಂದ್ರೆ ಇಪ್ಪತ್ತೊಂದೇ. ಪಟ್ಟಿ ಕೊಡಿ, ನಾನೇ ಅಂಟಿಸ್ತೀನಿ. ಮೊದಲು ಆ ಕಟುಕನ್ನ ನಿಲ್ಸಿ!"

ಟ್ರೂಡಾ ಹಿತ್ತಲಿಗೆ ಓಡಿದಳು. ಅರವತ್ತೆಂಟರ ಮೊಣಕಾಲು ಅಂದು ಹದಿನೆಂಟರದಾಯಿತು. ದಾರಿಯಲ್ಲಿ ನಿಂತ ನಾಯಿಗಳು ಗೌರವದಿಂದ ಸರಿದವು. ಗೂಡಿನ ಹಿಂದೆ ಆಲೋಯ್ಸ್ ಬಕೆಟ್ಟು ಬೋರಲು ಹಾಕಿ ಕೂತಿದ್ದ. ಅವನ ಅಂಗಿಯ ಗುಂಡಿಗಳ ನಡುವೆ ಬೆರ್ತಾಳ ತಲೆ ಹೊರಬಂದು ಕಣ್ಣು ಪಿಳುಕಿಸಿತು. ಚಾಕು ಕ್ಯಾರೆಟ್ ಹೆಚ್ಚುತ್ತಿತ್ತು. ಎದುರಿನ ಸಣ್ಣ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು.

ಟ್ರೂಡಾ ಮುಚ್ಚಳ ಎತ್ತಿದಳು. ಒಳಗೆ ದಪ್ಪ ಕೋಳಿ, ಮಾಂಸ ಮೂಳೆ ಬಿಡುವಷ್ಟು ಬೆಂದಿತ್ತು.

"ಇದನ್ನ ಯಾವಾಗ ಇಟ್ಟೆ?"

"ಐದು ಗಂಟೆಗೆ," ಎಂದ ಆಲೋಯ್ಸ್, ನೆಲ ನೋಡುತ್ತ.

"ಪಟ್ಟಿ ಬಂದದ್ದು ಒಂಬತ್ತಕ್ಕೆ."

"ಭದ್ರವಾಗಿರ್ಲಿ ಅಂತ ಇಟ್ಟೆ."

ಟ್ರೂಡಾ ಹಿಟ್ಟಿನ ಕೈಯಿಂದ ಅವನ ಕೆನ್ನೆ ಹಿಂಡಿದಳು. ಐದು ಬೆರಳೂ ಬಿಳಿಯಾಗಿ ಮೂಡಿದವು. "ಹತ್ತೊಂಬತ್ತನೇದು ಕಣೋ ಮುದುಕಾ. ನಿನ್ನ ರಾಣಿ ಹತ್ತೊಂಬತ್ತನೇದು."

ಒಂದು ಗಂಟೆಗೆ ಏಳು ಜನ ಚಮಚ ಹಿಡಿದು ಬಂದರು. ಪಟ್ಟಿ ನೋಡಿಕೊಂಡೇ ಬಂದಿದ್ದರು, ಆದರೂ ಬಂದಿದ್ದರು. ಎವಾಲ್ಡ್ ಮೊದಲ ಗುಟುಕು ಕುಡಿದು ಕಣ್ಣು ಕಿರಿದು ಮಾಡಿದ.

"ಲೇ ಆಲೋಯ್ಸ್, ಈ ಕೋಳಿ ಹೀಗೆ ಕರಗಬೇಕಾದ್ರೆ ಬೆಳಗಿನ ಜಾವದಿಂದ ಕುದ್ದಿರ್ಬೇಕು. ಬೆರ್ತಾ ಗೆಲ್ತಾಳೆ ಅಂತ ಆಗಲೇ ಗೊತ್ತಿತ್ತಾ ನಿಂಗೆ?"

ಆಲೋಯ್ಸನ ಕಿವಿ ಕೆಂಪಾಯಿತು. ಟ್ರೂಡಾ ಎವಾಲ್ಡನ ತಟ್ಟೆಗೆ ಇನ್ನೆರಡು ಕಡುಬು ಹಾಕಿದಳು.

"ತಿನ್ನಿ," ಎಂದಳು. "ಅವನಿಗೆ ಯಾವಾಗ ಏನು ಗೊತ್ತಿತ್ತು ಅನ್ನೋದು ಯಾವ ಕಡತದಲ್ಲೂ ಇಲ್ಲ."

ಅವಳ ಹೆಗಲ ಮೇಲೆ ಕೂತಿದ್ದ ಬೆರ್ತಾ ಆಗ ಕಿವಿಯೋಲೆ ಕುಕ್ಕಿತು.