ಬೆಟ್ಟದ ಮೇಲೆ ನಿಂತ ನೀರು

ಮುನಿಕೃಷ್ಣಪ್ಪನ ಕೈಗೆ ಚೊಂಬು ನೀರು ಕೊಟ್ಟರೆ, ಕುಡಿಯುವುದಕ್ಕೆ ಮೊದಲು ಒಂದಿಷ್ಟನ್ನು ನೆಲಕ್ಕೆ ಸುರಿದು, ಅದು ಯಾವ ಕಡೆಗೆ ಹರಿಯುತ್ತದೆಂದು ಬಗ್ಗಿ ನೋಡುತ್ತಿದ್ದ. ಆ ನೀರನ್ನು ಬೆಟ್ಟದ ಆಚೆಯಿಂದ ಹೊತ್ತು ತಂದವಳು ಹೆಂಡತಿ ವೆಂಕಟರತ್ನಮ್ಮ. ಅವನು ಚೆಲ್ಲಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. "ಇಳುಕಲು ನೋಡ್ಬೇಕು ಕಣೇ, ಇಳುಕಲು" ಎನ್ನುವನು ಅವನು.

ಹರೆಯದಲ್ಲಿ ಶಿವನಸಮುದ್ರದ ವಿದ್ಯುದಾಗಾರದಲ್ಲಿ ಮೇಸ್ತ್ರಿಯ ಕೈಕೆಳಗೆ ದುಡಿದು ಬಂದವನು. ಅಲ್ಲಿಂದ ತಂದ ಖಾಕಿ ಕೋಟನ್ನು ಟೇಕಲ್ ಕಡೆಯ ಬಂಡೆ ಕಾಯುವ ಬಿಸಿಲಲ್ಲೂ ಬಿಚ್ಚದೆ, ಒಂದು ಭುಜ ತಗ್ಗಿಸಿ, ನೆಲವನ್ನೇ ದಿಟ್ಟಿಸುತ್ತ, ಏನನ್ನೋ ಕಳೆದುಕೊಂಡವನ ಹಾಗೆ ನಡೆಯುತ್ತಿದ್ದ. ಅದೇ ಶಿವನಸಮುದ್ರದಿಂದ ಹೊಲಗಳ ಮೇಲೆ ಹಾದು ಚಿನ್ನದ ಗಣಿಗೆ ಹೋಗುವ ವಿದ್ಯುತ್ ತಂತಿಯ ಕೆಳಗೆ ಬಂದಾಗ ಮಾತ್ರ ತಲೆಯೆತ್ತಿ, "ಕಾವೇರಿ ನಮ್ಮ ನೆತ್ತಿ ಮೇಲೆ ಹೋಗ್ತಾಳೆ, ನಮ್ಗೆ ಮಾತ್ರ ಹರಳೆಣ್ಣೆ ದೀಪ!" ಎಂದು ತಂತಿಯ ಜೊತೆಗೇ ಜಗಳಕ್ಕೆ ನಿಲ್ಲುತ್ತಿದ್ದ.

ಬೆಟ್ಟದ ಆಚೆ ಮಗ್ಗುಲಲ್ಲಿ ಬಂಡೆಗಳ ನಡುವೆ, ಬೇಸಿಗೆಯಲ್ಲೂ ಬತ್ತದ ಒಂದು ದೊಣೆ. ಅದರ ನೀರೆಲ್ಲ ಕುರುಚಲು ಕಾಡಿನೊಳಗೆ ಇಂಗಿಹೋಗುತ್ತಿತ್ತು. ಈಚೆ ಊರಿನ ಬಾವಿಯಲ್ಲಿ ಬಾಯಿಗಿಡಲಾಗದ ಸವುಳು ನೀರು. ಬೆಟ್ಟದ ನೆತ್ತಿ ತಗ್ಗಾದ ಕಡೆ, ದೊಣೆಯ ಮಟ್ಟಕ್ಕಿಂತ ಕೆಳಗಾಗುವಂತೆ ಬಂಡೆ ಸೀಳಿಸಿ, ಊರವರನ್ನು ಕಾಡಿ ಬೇಡಿ ದುಡಿಸಿ, ದೊಣೆಯ ನೀರನ್ನು ನೆತ್ತಿಯ ಮೇಲೊಂದು ಕಲ್ಲುತೊಟ್ಟಿಗೆ ತಂದೇ ತಂದ. ಅಲ್ಲಿಂದ ಊರಿನವರೆಗೆ ಕಾಲುವೆಯನ್ನೂ ಕಟ್ಟಿಸಿದ. ಇನ್ನೇನು, ತೂಬಿನ ಬೆಣೆ ಕಿತ್ತರೆ ಮುಗಿಯಿತು. ಆದರೆ ಗಂಗಮ್ಮನ ಪೂಜೆಯಾಗದೆ ಹೊಸ ನೀರನ್ನು ಯಾರೂ ಮುಟ್ಟುವಂತಿಲ್ಲ. ಆ ಪೂಜೆಯನ್ನು ತೊಟ್ಟಿ ಕಟ್ಟಿಸಿದ ಮನೆಯವರೇ ಮಾಡಬೇಕು. ಈ ಮಹಾನುಭಾವ, ಇಳಿಯುವ ನೀರಿಗೆ ಚಕ್ರ ಕೂರಿಸಿ ವಿದ್ಯುತ್ ತೆಗೆಯಲೆಂದು ಬೆಂಗಳೂರಿನ ಅಂಗಡಿಯಲ್ಲಿ ಹೇಳಿಟ್ಟ ಸೀಮೆ ಡೈನಮೋ ಬಂದು ದೀಪ ಹತ್ತುವ ದಿನವೇ ಪೂಜೆ ಎಂದು ಪಟ್ಟು ಹಿಡಿದ.

"ಈಗ ನೀರು ಬಿಡಿ, ದೀಪ ಆಮೇಲೆ ನೋಡೋಣ" ಎಂದಳು ವೆಂಕಟರತ್ನಮ್ಮ.

"ಒಂದ್ಸಲ ಬಿಟ್ರೆ ಚಕ್ರ ಕೂರ್ಸೋಕೆ ನೀರು ನಿಲ್ಸೋಕ್ ಬಿಡ್ತೀರಾ ನೀವು?"

ಅಷ್ಟರಲ್ಲಿ ಯುದ್ಧ ಬಂತು, ಹಡಗು ನಿಂತವು, ಡೈನಮೋ ಬರಲಿಲ್ಲ. ತೊಟ್ಟಿ ತುಂಬಿ, ಹೆಚ್ಚಾದ ನೀರು ಹಿಂದಿರುಗಿ ಆಚೆಯ ಕಾಡಿಗೇ ಹರಿಯಿತು. ಹೆಂಗಸರು ಅದರ ಪಕ್ಕದಲ್ಲೇ ಹಾದು, ಹಳೆಯ ದೊಣೆಗೇ ಹೋಗಿ, ಬಿಂದಿಗೆ ಹೊತ್ತು ಬೆಟ್ಟ ದಾಟಿ ಬರುತ್ತಿದ್ದರು. ಇಂಥದನ್ನು ಕಂಡೂ ಸುಮ್ಮನಿರಬೇಕಾದರೆ ಕಲ್ಲಾಗಿರಬೇಕು. ಅವನೋ, ಅಂಗಡಿಯವರನ್ನು ಪೀಡಿಸಲು ಬೆಂಗಳೂರಿನ ರೈಲು ಹತ್ತುತ್ತಲೇ ಇದ್ದ.

ಅವನು ಹಾಗೆ ಹೋದ ಒಂದು ದಿನ, ಪಕ್ಕದ ಮನೆಯ ಬಚ್ಚಮ್ಮ ಬಂಡೆಯ ಮೇಲೆ ಜಾರಿ ಕೈ ಮುರಿದುಕೊಂಡಳು. ವೆಂಕಟರತ್ನಮ್ಮ ಅವಳ ಕೈಗೆ ಕಟ್ಟು ಹಾಕಿಸಿದವಳೇ, ಅರಿಸಿನ ಕುಂಕುಮ, ಒಂದು ತೆಂಗಿನಕಾಯಿ, ಒಂದು ಹಾರೆ ತೆಗೆದುಕೊಂಡು ಬೆಟ್ಟ ಹತ್ತಿದಳು. ಪೂಜೆ ಮಾಡಿ, ಕಾಯಿ ಒಡೆದು, ಹಾರೆಯಿಂದ ಬೆಣೆ ಮೀಟಿದಳು.

ಸಂಜೆ ಮುನಿಕೃಷ್ಣಪ್ಪ ಬರಿಗೈಲಿ ಬಂದಾಗ ಊರ ಮುಂದೆ ಕಾಲುವೆಯ ಬಾಯಲ್ಲಿ ನೀರು ಧುಮ್ಮಿಕ್ಕುತ್ತಿತ್ತು.

"ಯಾರೇ ಬಿಟ್ಟಿದ್ದು?"

"ನಾನೇ. ಪೂಜೆ ಮಾಡೇ ಬಿಟ್ಟಿದ್ದು."

"ಅಯ್ಯೋ ದೇವುಡಾ! ನಿಲ್ಸಿ, ನಿಲ್ಸಿ!" ಎಂದು ಬೆಟ್ಟದ ಕಡೆ ಹೊರಟವನಿಗೆ, ಕಟ್ಟು ಹಾಕಿದ ಕೈಯ ಬಚ್ಚಮ್ಮ ಅಡ್ಡ ನಿಂತಳು. ಅವನು ಅವಳ ಕೈಯನ್ನು ನೋಡಿದ, ನೀರನ್ನು ನೋಡಿದ. ಕಣ್ಣು ಒದ್ದೆಯಾಗಿತ್ತು.

"ಇಷ್ಟು ರಭಸ ಇರುತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ ಕಣೇ" ಎಂದ. ಮರುಗಳಿಗೆಯೇ, "ನಾಲ್ಕು ಬೀದಿಗೆ ದೀಪ ಉರೀತಿತ್ತು. ಎಲ್ಲಾ ಕೆಡಿಸ್ಬಿಟ್ರಿ" ಎಂದು ಸಿಡುಕಿದ. ಸಾಯುವವರೆಗೂ ಆ ಸಿಡುಕು ಬಿಡಲಿಲ್ಲ.

ಇಂಥವರೊಡನೆ ಸಂಸಾರ ಮಾಡುವವರ ಪಾಡು ಯಾರಿಗೂ ಬೇಡ. ನಾಳೆಯ ಬೆಳಕನ್ನು ಕಣ್ಣಲ್ಲಿ ತುಂಬಿಕೊಂಡವರಿಗೆ ಇಂದು ಬಾಯಾರಿದ ಮುಖ ಕಾಣುವುದಿಲ್ಲ. ಅವರನ್ನು ಬೈಯದೆ ಇರಲಾಗದು. ಬೈದು ಸುಮ್ಮನಾಗಲೂ ಆಗದು, ಏಕೆಂದರೆ ನೀರನ್ನು ಬೆಟ್ಟ ಹತ್ತಿಸುವ ಹುಚ್ಚು ಇರುವುದು ಅವರೊಬ್ಬರಿಗೇ. ಇಳಿಸುವ ಕೆಲಸವನ್ನು ಮಾತ್ರ ಅವರ ಕೈಯಲ್ಲಿ ಬಿಡಬಾರದು.